ಪುಸ್ತಕ ಮುಚ್ಚಿ ಓದುವುದು

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸು ಒಮ್ಮೆ ಹತ್ತಿ ನೋಡಿ. ಅರ್ಧ ಬಸ್ಸು ಕಾಲೇಜು ಮಕ್ಕಳೇ. ಒಂದು ಕೈ ಕಂಬಿ ಮೇಲೆ, ಇನ್ನೊಂದರಲ್ಲಿ ಮೊಬೈಲ್. ಹೋಗಿ ಬರಲು ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ. ಮನೆ ಮುಟ್ಟಿದರೆ ಹೊಲ, ನೀರು, ದನ. ಇಂಥವರಿಗೆ ‘ನಾಲ್ಕಕ್ಕೆ ಏಳಿ, ಟೈಮ್‌ಟೇಬಲ್ ಹಾಕಿ’ ಅಂತ ನಾನು ಶುರು ಮಾಡಿದರೆ ನೀವು ರೇಡಿಯೋ ಬಂದ್ ಮಾಡುತ್ತೀರಿ. ಮಾಡಬೇಕಾದ್ದೇ.

ನನ್ನ ಕಥೆ ಕೇಳಿ. ಬಿ.ಎ. ಓದುವಾಗ ನೋಟ್ಸನ್ನು ನಾಲ್ಕು ನಾಲ್ಕು ಸಲ ಓದುತ್ತಿದ್ದೆ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಎಳೆದು, ಕೊನೆಗೆ ಗೆರೆ ಇಲ್ಲದ ಸಾಲೇ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದೆ. ಉತ್ತರ ಎಡಗಡೆ ಪುಟದಲ್ಲಿತ್ತು, ಕೆಳಗೆ, ಚಹಾ ಚೆಲ್ಲಿದ ಕಲೆಯ ಪಕ್ಕ. ಕಲೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಉತ್ತರ ಮಾತ್ರ ಬರಲಿಲ್ಲ.

ಓದಿದ್ದನ್ನೇ ಮತ್ತೆ ಓದಿದರೆ ಅಕ್ಷರಗಳ ಪರಿಚಯ ಆಗುತ್ತದೆ. ಅದನ್ನೇ ಕಲಿತೆವು ಅಂದುಕೊಳ್ಳುತ್ತೇವೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೇ ಪರೀಕ್ಷಿಸಿದರು. ಒಂದು ಪಾಠವನ್ನು ಎರಡು ಸಲ ಓದುವುದು ಒಂದು ರೀತಿ. ಒಂದೇ ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆಯುವುದು ಇನ್ನೊಂದು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವು. ಮುಚ್ಚಿ ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಬರೀ ಓದಿದವರಿಗೆ ಶೇ 42.

ಪುಸ್ತಕ ಮುಚ್ಚಿ ಓದಲು ಬಸ್ಸಿಗಿಂತ ಒಳ್ಳೆಯ ಜಾಗ ಯಾವುದಿದೆ ಹೇಳಿ? ಆ ಕುಲುಕಾಟದಲ್ಲಿ ಅಕ್ಷರವಂತೂ ಕಾಣುವುದಿಲ್ಲ. ನಿನ್ನೆ ಮೇಷ್ಟ್ರು ಏನು ಹೇಳಿದರು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೀರಮಾನ್ವಿ ದಾಟುವಷ್ಟರಲ್ಲಿ ಮೂರು ಅಂಶ ಬಂದರೂ ಸಾಕು. ಬಾರದ್ದನ್ನು ಚೀಟಿಯಲ್ಲಿ ಗುರುತು ಹಾಕಿ, ಕಾಲೇಜಿಗೆ ಹೋದ ಕೂಡಲೇ ಅದನ್ನಷ್ಟೇ ನೋಡಿ. ಎರಡು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮರೆವು ಮೊದಮೊದಲೇ ಜೋರು ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟಿದ್ದಾನೆ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನೀವು ಮಾತ್ರ ಮೂರು ಗಂಟೆಗೆ ತಗಡಿನ ಕೆಳಗೆ ಕೂತು ಅಕೌಂಟ್ಸ್ ಬಿಡಿಸುತ್ತೀರಾ? ಆ ಹೊತ್ತಿಗೆ ರೆಕಾರ್ಡ್ ಬರೆಯಿರಿ, ಇಲ್ಲಾ ಸುಮ್ನೆ ಮಲಗಿ. ಕಷ್ಟದ ವಿಷಯಕ್ಕೆ ರಾತ್ರಿ ಮಾಳಿಗೆ ಇದೆ, ತಂಪು ಗಾಳಿ ಇದೆ. ಮೊಬೈಲ್ ಕೆಳಗೆ ಅಡುಗೆಮನೆಯಲ್ಲೇ ಇರಲಿ.

ಹೋದ ವಾರ ಅದೇ ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಿದ್ದರು. ‘ಹಣದುಬ್ಬರ ಅಂದರೆ?’ ಒಬ್ಬಳು ತಡವರಿಸಿದಳು. ಬೀಜದ ಚೀಲ ಕಾಲಡಿ ಇಟ್ಟುಕೊಂಡು ಕೂತಿದ್ದ ಅಜ್ಜ ತಿರುಗಿ, ‘ಹೋದ ವರ್ಷದ ರೊಕ್ಕಕ್ಕ ಈ ವರ್ಷ ಚೀಲ ಬರಂಗಿಲ್ಲ. ಅದೇನವ್ವಾ?’ ಅಂದರು.

ಹುಡುಗಿ ನಕ್ಕು, ಚೀಟಿ ತೆಗೆದು ಅದನ್ನೇ ಬರೆದುಕೊಂಡಳು.

ನಮಸ್ಕಾರ.