ಇಂಪ್ಲಾಂಟಿನ ಮೈ ನುಣುಪೋ, ತರಿತರಿಯೋ?

ಕೇಳುಗರೇ, ನಮಸ್ಕಾರ.

ಸ್ತನದ ಇಂಪ್ಲಾಂಟ್ ಅಂದ ಕೂಡಲೇ ಇದು ಸಿನಿಮಾ ತಾರೆಯರ ವಿಷಯ ಅಂತ ಕೆಲವರು ಪಕ್ಕಕ್ಕಿಡುತ್ತಾರೆ. ಹಾಗೇನಿಲ್ಲ. ಚೆಂದಕ್ಕೆಂದು ಹಾಕಿಸಿಕೊಳ್ಳುವವರು ಇದ್ದಾರೆ, ನಿಜ. ಕ್ಯಾನ್ಸರ್ ಬಂದು ಸ್ತನ ತೆಗೆಸಿಕೊಂಡವರೂ ಹಾಕಿಸಿಕೊಳ್ಳುತ್ತಾರೆ. ಒಂದು ಕ್ಯಾನ್ಸರಿನಿಂದ ಪಾರಾದವರು ಈ ಇಂಪ್ಲಾಂಟಿನಿಂದಲೇ ಇನ್ನೊಂದಕ್ಕೆ ಹೆದರಬೇಕಾಗಿ ಬಂದರೆ ಹೇಗಿರುತ್ತೆ, ಯೋಚಿಸಿ.

ಇಂಪ್ಲಾಂಟ್ ಅಂದರೆ ಸಿಲಿಕೋನ್ ಚೀಲ. ಒಳಗೆ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಉಪ್ಪುನೀರು. ಹೊರಮೈ ಕೆಲವದರಲ್ಲಿ ನುಣುಪು, ಕೆಲವದರಲ್ಲಿ ತರಿತರಿ. ಈ ತರಿಯನ್ನು ಬೇಕೆಂದೇ ಮಾಡುತ್ತಾರೆ. ಹೊರಗಿನ ವಸ್ತು ಒಳಗೆ ಹೋದರೆ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಕಲ್ಲಿನಂತಾಗಿ ನೋಯುತ್ತದೆ. ತರಿ ಇದ್ದರೆ ಹಾಗಾಗುವುದು ಕಡಿಮೆ ಅನ್ನುವುದು ತಯಾರಕರ ಲೆಕ್ಕ. ಜೊತೆಗೆ, ಹನಿಯ ಆಕಾರದ ಇಂಪ್ಲಾಂಟ್ ಒಳಗೇ ತಿರುಗಿಕೊಂಡರೆ ಎದೆಯ ಆಕಾರವೇ ಕೆಡುತ್ತದೆ. ತರಿ ಮೈ ಸುತ್ತಲಿನ ಮಾಂಸಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ತರಿ ಮೈಯನ್ನು ಉಪ್ಪಿನ ಹರಳು ಬಳಸಿ ಮಾಡುತ್ತಿದ್ದರು. ಆಮೇಲೆ ಉಪ್ಪನ್ನು ತೊಳೆದರೆ ಗುಳಿಗಳು ಉಳಿಯುತ್ತಿದ್ದವು.

ಸಹಜ ಆಕಾರ, ಜಾಗ ಬಿಟ್ಟು ಕದಲುವುದಿಲ್ಲ. ಮಾರುವಾಗ ಆಡಿದ ಮಾತು ಇದು. ಸುಳ್ಳೇನಲ್ಲ. ಆದರೆ ಅರ್ಧ ಮಾತು.

ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಲಿಂಫೋಮಾ ಹುಟ್ಟಿದ ಮೊದಲ ವರದಿ ಬಂದದ್ದು 1997ರಲ್ಲಿ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಹೆಚ್ಚಾಗಿ ಕಂಡದ್ದು ತರಿ ಮೈಯ ಇಂಪ್ಲಾಂಟ್ ಇದ್ದವರಲ್ಲಿ. ಇದಕ್ಕೂ ಇಂಪ್ಲಾಂಟಿಗೂ ನಂಟಿರಬಹುದು ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಅದೇ ಎಫ್‌ಡಿಎ 2013ರಲ್ಲಿ ಅಲರ್ಗನ್‌ನ ಹನಿ ಆಕಾರದ, ತರಿ ಮೈಯ ಹೊಸ ಇಂಪ್ಲಾಂಟಿಗೆ ಒಪ್ಪಿಗೆಯನ್ನೂ ಕೊಟ್ಟಿತು! ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

2018ರ ಕೊನೆಗೆ ಯುರೋಪಿನಲ್ಲಿ ಅಲರ್ಗನ್‌ನ ಇಂಥ ಇಂಪ್ಲಾಂಟ್‌ಗಳ ಮಾರಾಟಕ್ಕೆ ಬೇಕಾದ ಪ್ರಮಾಣಪತ್ರ ನವೀಕರಣ ಆಗಲಿಲ್ಲ. 2019ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಜಾಸ್ತಿ ಒರಟಾದವನ್ನು ನಿಷೇಧಿಸಿತು. ಅದೇ ಜುಲೈನಲ್ಲಿ ಎಫ್‌ಡಿಎ ಈ ಲಿಂಫೋಮಾದ ಲೆಕ್ಕ ಬಹಿರಂಗಪಡಿಸಿತು. ಪ್ರಪಂಚದಲ್ಲಿ ಒಟ್ಟು 573 ಪ್ರಕರಣ, 33 ಸಾವು. ಆ 573ರಲ್ಲಿ 481 ಅಲರ್ಗನ್ ಇಂಪ್ಲಾಂಟಿನವು. ಆಗ ಕಂಪನಿ ಬಯೋಸೆಲ್ ಸರಕನ್ನು ಎಲ್ಲ ಕಡೆಯಿಂದ ವಾಪಸ್ ಪಡೆಯಿತು.

ಲಕ್ಷಾಂತರ ಹೆಂಗಸರಲ್ಲಿ ಇಷ್ಟೇ ಅಲ್ವಾ ಅನ್ನಬಹುದು. ಹೌದು, ಅಪರೂಪದ ಕಾಯಿಲೆ. ಆದರೆ ಅಪರೂಪವೋ ಅಲ್ಲವೋ, ಆಪರೇಷನ್‌ಗೆ ಮೊದಲೇ ತಿಳಿದಿರಬೇಕು. ಮೇಲಾಗಿ, ವಾಪಸ್ ಪಡೆದದ್ದು ಆಸ್ಪತ್ರೆ, ಗೋದಾಮುಗಳಲ್ಲಿದ್ದ ಸರಕನ್ನು. ಮೈಯೊಳಗೆ ಹೋದದ್ದು ಯಾರ ಬಳಿ ಇದೆ? ಎಷ್ಟೋ ಜನರ ವಿಳಾಸ ಕಂಪನಿಗೇ ಗೊತ್ತಿರಲಿಲ್ಲ. 2020ರಲ್ಲಿ ಅವರನ್ನು ಹುಡುಕಲು ಸೋಷಿಯಲ್ ಮೀಡಿಯಾದಲ್ಲಿ ಪ್ರಚಾರ ಮಾಡಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಒಂದು ಕಟ್ಟುಪಾಡು ಹಾಕಿತು. ವೈದ್ಯರು ಅಪಾಯಗಳ ಪಟ್ಟಿಯನ್ನು ರೋಗಿಗೆ ವಿವರಿಸಬೇಕು, ಸಹಿ ಮಾಡಲು ಅವಕಾಶ ಕೊಡಬೇಕು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ಸಾಧನವಲ್ಲ ಎಂದು ಕಪ್ಪು ಚೌಕದೊಳಗೆ ಅಚ್ಚಾಗಬೇಕು.

ಈಗಾಗಲೇ ಹಾಕಿಸಿಕೊಂಡವರು ಗಾಬರಿಯಾಗಬೇಡಿ. ತೊಂದರೆ ಇಲ್ಲದಿದ್ದರೆ ಸುಮ್ನೆ ತೆಗೆಸಿಕೊಳ್ಳಬೇಕಾಗಿಲ್ಲ ಅಂತಲೇ ಎಫ್‌ಡಿಎ ಹೇಳುತ್ತದೆ. ಗಾಯ ಆರಿ ವರ್ಷಗಳಾದ ಮೇಲೆ ಒಂದು ಬದಿ ಊದಿಕೊಂಡರೆ, ಗಂಟು ಸಿಕ್ಕರೆ, ನೋವಿದ್ದರೆ ತಡ ಮಾಡದೆ ಹೋಗಿ. ಅಲ್ಟ್ರಾಸೌಂಡ್ ಮಾಡುತ್ತಾರೆ. ಸುತ್ತ ನೀರು ತುಂಬಿದ್ದರೆ ಸೂಜಿಯಿಂದ ತೆಗೆದು, ಈ ಲಿಂಫೋಮಾದ ಗುರುತು ಹುಡುಕುವ ಸಿಡಿ30 ಪರೀಕ್ಷೆಗೆ ಕಳಿಸುತ್ತಾರೆ. ಬೇಗ ಸಿಕ್ಕರೆ, ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದಾಗ ಹೆಚ್ಚಿನವರು ಗುಣವಾಗುತ್ತಾರೆ.

ಮನೆಯಲ್ಲಿ ಇಂಪ್ಲಾಂಟ್ ಕಾರ್ಡ್ ಇದೆಯಾ ನೋಡಿ. ಕಂಪನಿ, ಮಾದರಿ, ಸರಣಿ ಸಂಖ್ಯೆ ಅದರಲ್ಲಿರುತ್ತವೆ. ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ನಿಮ್ಮ ಆಪರೇಷನ್ ದಾಖಲೆಯ ಪ್ರತಿ ಕೇಳಿ. ಅದು ನಿಮ್ಮದೇ ದಾಖಲೆ, ಸಂಕೋಚ ಬೇಡ.