ಕೋರ್ಟಿನಲ್ಲಿ ಮೊದಲ ವರ್ಷ: ಜೂನಿಯರ್ ವಕೀಲರು ಫೈಲ್ ಓದುವುದು ಹೇಗೆ?

[ತೆರೆಯ ಮೇಲೆ: ಪಹಣಿಯ ವಿಸ್ತೀರ್ಣದ ಕಾಲಂ]

ಪಹಣಿಯಲ್ಲಿ 1.20 ಎಂದಿದೆ. ಜಮೀನು ಎಷ್ಟು? 1 ಎಕರೆ 20 ಗುಂಟೆ; 40 ಗುಂಟೆಗೆ ಒಂದು ಎಕರೆ, ಅಂದರೆ ಒಂದೂವರೆ ಎಕರೆ. ಇದನ್ನೇ ದಶಮಾಂಶ ಅಂದುಕೊಂಡರೆ 1 ಎಕರೆ 8 ಗುಂಟೆ ಆಗುತ್ತದೆ. ಕಕ್ಷಿದಾರರ 12 ಗುಂಟೆ ಹೋಯಿತು. ಪಾಲುವಿಭಾಗದ ದಾವೆಯಲ್ಲಿ 1.20ಕ್ಕೆ 0.30 ಕೂಡಿಸಿದರೆ 2.10. ಕ್ಯಾಲ್ಕುಲೇಟರ್ 1.50 ತೋರಿಸುತ್ತದೆ, ನಂಬಬೇಡಿ.

ಸೀನಿಯರ್ ಆಫೀಸಿಗೆ ಸೇರಿದ ಹೊಸದರಲ್ಲಿ ದಾವೆಯ ಷೆಡ್ಯೂಲ್, ಅಂದರೆ ಆಸ್ತಿಯ ವಿವರ, ಟೈಪ್ ಮಾಡಿಸುವ ಕೆಲಸ ನಿಮಗೇ ಬರುತ್ತದೆ. ಸಣ್ಣ ಕೆಲಸ ಅಂತ ಬಿಡಬೇಡಿ. ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕೂ ಕಡೆಯ ಚೆಕ್ಕುಬಂದಿ, ಈ ಮೂರನ್ನೂ ಕ್ರಯಪತ್ರ ಮತ್ತು ಪಹಣಿ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಕ್ರಯಪತ್ರ ಹಳೆಯದಾದರೆ ಪಕ್ಕದ ಜಮೀನಿನವರು ಬದಲಾಗಿರುತ್ತಾರೆ. ಈಗ ಯಾರಿದ್ದಾರೆ ಅಂತ ಕಕ್ಷಿದಾರರನ್ನೇ ಕೇಳಿ. ತಪ್ಪು ಹಾಗೇ ಉಳಿದರೆ ಡಿಕ್ರಿ ಸಿಕ್ಕರೂ ಜಾರಿ ಮಾಡಿಸುವಾಗ ಸಿಕ್ಕಿಬೀಳುತ್ತೀರಿ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಕೇಳಿದರೆ, ಎಚ್ಚರ ವಹಿಸಿದ್ದರೂ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಕೋರ್ಟಿಗೆ ಒಪ್ಪಿಸಬೇಕಾಗುತ್ತದೆ.

[ತೆರೆಯ ಮೇಲೆ: ಡೈರಿಯ ಒಂದು ಪುಟ]

ಇನ್ನು ಡೈರಿ. ಮುಂದಿನ ದಿನಾಂಕ ಬರೆದರೆ ಸಾಲದು, ಕೇಸ್ ಯಾವ ಹಂತದಲ್ಲಿದೆ ಅಂತಲೂ ಬರೆಯಿರಿ. ಪ್ರತಿವಾದಿಯ ಪರ ಇದ್ದರೆ ರಿಟನ್ ಸ್ಟೇಟ್‌ಮೆಂಟ್‌ಗೆ (ದಾವೆಗೆ ಕೊಡುವ ಲಿಖಿತ ಉತ್ತರ) ಇರುವ 30 ದಿನವನ್ನು ಸಮನ್ಸ್ ಜಾರಿಯಾದ ದಿನದಿಂದ ಎಣಿಸಿ, ವಕಾಲತ್ತು ಹಾಕಿದ ದಿನದಿಂದಲ್ಲ. ಕಮರ್ಷಿಯಲ್ ದಾವೆಯಲ್ಲಿ 120 ದಿನ ದಾಟಿದರೆ ಆ ಹಕ್ಕೇ ಹೋಗುತ್ತದೆ. ಪಿಡಬ್ಲ್ಯೂ 1 ಕ್ರಾಸ್ (ವಾದಿಯ ಮೊದಲ ಸಾಕ್ಷಿಯ ಪಾಟೀ ಸವಾಲು) ಅಂತ ಇರುವ ದಿನ ಸೀನಿಯರ್ ಬೇರೆ ಹಾಲ್‌ನಲ್ಲಿದ್ದರೆ ಕೇಸ್ ಕರೆದ ಕೂಡಲೇ ಎದ್ದು ನಿಂತು ಪಾಸ್‌ಓವರ್ ಕೇಳಿ, ಅಂದರೆ ಅದೇ ದಿನ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕರೆಯಲು ಕೋರಿ. ನೀವು ಹಾಲ್‌ನಲ್ಲಿ ಇಲ್ಲದಿದ್ದರೆ ‘ಕ್ರಾಸ್ ನಿಲ್’ ಅಂತ ಬರೆದುಬಿಡಬಹುದು. ಆಮೇಲೆ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಬೇಕು, ಕಾಸ್ಟ್ ಕಟ್ಟಬೇಕು.

[ತೆರೆಯ ಮೇಲೆ: ಸಾಕ್ಷಿ ಹೇಳಿಕೆಯ ಒಂದು ಸಾಲು]

ಪಾಟೀ ಸವಾಲು ನಡೆಯುವಾಗ ನಿಮ್ಮ ಕಿವಿ ಬರವಣಿಗೆಯ ಮೇಲಿರಲಿ. ಎದುರು ವಕೀಲರು ಕೇಳುತ್ತಾರೆ: “ಜಮೀನು ನಿಮ್ಮ ಸ್ವಾಧೀನದಲ್ಲಿ ಇಲ್ಲ, ಅಲ್ವಾ?” ನಿಮ್ಮ ಸಾಕ್ಷಿ ಗಾಬರಿಯಲ್ಲಿ “ಹೌದು” ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ‘ಹೌದು, ನನ್ನ ಸ್ವಾಧೀನದಲ್ಲೇ ಇದೆ’ ಅಂತ. ಆದರೆ ಹೇಳಿಕೆಯಲ್ಲಿ ಬೀಳುವುದು “ದಾವಾ ಜಮೀನು ನನ್ನ ಸ್ವಾಧೀನದಲ್ಲಿ ಇಲ್ಲ ಎಂದರೆ ಸರಿ”. ಇಂಜಂಕ್ಷನ್ (ತಡೆಯಾಜ್ಞೆ) ದಾವೆಯ ಬುಡವೇ ಸ್ವಾಧೀನ; ಈ ಒಂದು ಸಾಲು ಇಡೀ ಕೇಸನ್ನು ಅಲುಗಾಡಿಸುತ್ತದೆ. ಬೇಕಿದ್ದದ್ದು “ಎಂದರೆ ಸರಿಯಲ್ಲ”. ಸಾಕ್ಷಿಗೆ ಉತ್ತರ ಹೇಳಿಕೊಡುವ ಹಾಗಿಲ್ಲ. ಕಿವಿಗೆ ಬಿದ್ದ ಕ್ಷಣವೇ ಸೀನಿಯರ್‌ಗೆ ಚೀಟಿ ಕೊಡಿ. ಸಾಕ್ಷಿಗೆ ಪ್ರಶ್ನೆ ಅರ್ಥವಾಗಿಲ್ಲ ಅಂತ ನ್ಯಾಯಾಧೀಶರ ಗಮನಕ್ಕೆ ತರುವುದು ಅವರ ಕೆಲಸ. ಹೇಳಿಕೆಗೆ ಸಹಿ ಬೀಳುವ ಮೊದಲೇ ಇದು ಆಗಬೇಕು.

ಎನ್‌ರೋಲ್ ಆದವರು 2 ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು, ಓದನ್ನು ಮುಂದೂಡಬೇಡಿ. ದುಡ್ಡಿನ ವಿಷಯಕ್ಕೆ ಬಂದರೆ, ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದೆ. ಇದು ಕಡ್ಡಾಯವಲ್ಲ. ಹಾಗಾಗಿ ಆಫೀಸಿಗೆ ಸೇರುವ ಮೊದಲೇ ಸೀನಿಯರ್ ಹತ್ತಿರ ಎಷ್ಟು ಕೊಡುತ್ತಾರೆ, ಯಾವ ಕೋರ್ಟುಗಳಿಗೆ ಕಳಿಸುತ್ತಾರೆ, ಎರಡನ್ನೂ ಕೇಳಿಕೊಳ್ಳಿ.