ಪುಣೆಯ ಕುಂಡದಲ್ಲಿ ಕೇಪಳ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕರಾವಳಿ ಕಡೆಯವರು ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಕೈ ಮೇಲಿದೆ. ನಿಮಗೆ ಕೇಪಳದ ಪರಿಚಯ ಮಾಡಿಸುವುದು ಬೇಡ. ಶಾಲೆಯಿಂದ ಬರುವಾಗ ಗುಡ್ಡದಲ್ಲಿ ಆ ಕೆಂಪು ಹೂ ಕಿತ್ತು, ಬುಡ ಚೀಪಿ ಜೇನು ಹೀರಿದವರೇ ಅಲ್ವಾ ನಾವೆಲ್ಲ? ಇಲ್ಲಿನ ನರ್ಸರಿಯಲ್ಲಿ ಇಕ್ಸೋರಾ ಎಂದು ಕೇಳಬೇಕು. ಕಾಫಿಯ ಕುಟುಂಬದ ಗಿಡ ಇದು.

ಊರಿನಲ್ಲಿ ಇದಕ್ಕೆ ಯಾರೂ ನೀರು ಹೊತ್ತವರಲ್ಲ. ಇಲ್ಲಿ ನೀರು, ಗೊಬ್ಬರ ಎಲ್ಲ ಕೊಟ್ಟರೂ ಎಲೆ ಹಳದಿ. ಹೊಸ ಎಲೆಯನ್ನೇ ನೋಡಿ. ನರ ಹಸಿರು, ನಡುವೆಲ್ಲ ಹಳದಿ ಇದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಇದ್ದರೂ ಸುಣ್ಣದ ಮಣ್ಣಿನಲ್ಲಿ ಬೇರಿಗೆ ದಕ್ಕುವುದಿಲ್ಲ. ಕೇಪಳ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಗುಡ್ಡದಲ್ಲಿ ಬೆಳೆದದ್ದು. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರೊಳಗೆ. ಪಿಎಚ್ ಅಂದರೆ ಹುಳಿಯ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ. ಪುಣೆಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಪಿಎಚ್ ಎಷ್ಟೋ ಕಡೆ 8ರ ಹತ್ತಿರ. ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು. ಹೊಸ ಕಟ್ಟಡದ ಗೋಡೆ ಪಕ್ಕ ನೆಟ್ಟರಂತೂ ಸಿಮೆಂಟು, ಗಾರೆ ಚೂರು ಬೇರೆ!

ಹಾಗಾಗಿ ಕುಂಡವೇ ವಾಸಿ. ನರ್ಸರಿಯಲ್ಲಿ 'ಲಾಲ್ ಮಾತಿ', ಅಂದರೆ ಕೆಂಪು ಮಣ್ಣು ಸಿಗುತ್ತದೆ. ಅದು ಎರಡು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಕುಂಡದಡಿ ತೂತು ಕಟ್ಟಿರಬಾರದು. ಬೂದಿ ಮತ್ತು ಮೊಟ್ಟೆಚಿಪ್ಪನ್ನು ದಯವಿಟ್ಟು ಬೇರೆ ಗಿಡಕ್ಕೆ ಹಾಕಿ. ಎರಡೂ ಮಣ್ಣಿನ ಹುಳಿಯನ್ನು ಕಳೆಯುತ್ತವೆ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಮೇ ತಿಂಗಳಲ್ಲಿ ಪೂರಾ ಹಳದಿಯಾಗಿದ್ದ ನನ್ನ ಗಿಡ ಗಣಪತಿ ಹಬ್ಬದ ಹೊತ್ತಿಗೆ ಹಸಿರಾಗುತ್ತದೆ. ನಾನು ಏನೂ ಮಾಡಿರುವುದಿಲ್ಲ, ಮಳೆ ಮಾಡಿರುತ್ತದೆ.

ತುರ್ತಿಗೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ ಇದೆ. ಒಂದು ಲೀಟರಿಗೆ 2 ಗ್ರಾಂ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಸುಣ್ಣದ ಮಣ್ಣಿಗೆ ಸುರಿದರೆ ಬೇಗ ವ್ಯರ್ಥ. ಒಂದು ಎಚ್ಚರಿಕೆ: ಅದರ ಕಲೆ ಹೋಗುವುದಿಲ್ಲ. ನನ್ನ ಬಾಲ್ಕನಿಯ ಟೈಲ್ಸ್ ಹಾಳಾಯಿತು, ಅದು ನನ್ನ ಕರ್ಮ. ಆದರೆ ಕೆಳಗಿನ ಮನೆಯವರ ಬಿಳಿ ಬೆಡ್‌ಶೀಟ್! ಎರಡು ವಾರ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ.

ಬಿಸಿಲು ದಿನಕ್ಕೆ ನಾಲ್ಕೈದು ಗಂಟೆಯಾದರೂ ಬೇಕು. ನೆರಳಲ್ಲಿ ಬರೀ ಎಲೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಅದಕ್ಕೆ ಗೊಂಚಲು ಒಣಗಿದ ಮೇಲೆ ಅದರ ಕೆಳಗೆ ಕತ್ತರಿಸಿ. ಡಿಸೆಂಬರ್ ಚಳಿಯಲ್ಲಿ ಮಾತ್ರ ಸುಮ್ನೆ ಬಿಡಿ, ಆಗ ಗಿಡ ಬೆಳೆಯುವುದೇ ಕಮ್ಮಿ. ಇರುವೆ ಸಾಲು ಹತ್ತುತ್ತಿದ್ದರೆ ಎಲೆಯ ಹಿಂದೆ ಬಿಳಿ ಹಿಟ್ಟುತಿಗಣೆ ಇದೆಯಾ ನೋಡಿ. ಮೊದಲು ನೀರಿನ ಪಿಚಕಾರಿ, ಆಮೇಲೆ ಬೇವಿನೆಣ್ಣೆ.

ಯಾರೋ ಎಲೆ ತರುತ್ತೇನೆ ಎಂದಿದ್ದಿರಿ. ತಂದಿದ್ದೀರಾ? ಬನ್ನಿ, ಆ ಕಿಟಕಿಯ ಬೆಳಕಿಗೆ ಹಿಡಿಯೋಣ.